ಒಳ್ಳು ಎದುರುಮನೆಗೆ ಹೋದ ಮೇಲೆ

ನಮ್ಮ ಕಡೆಯ ಅಡುಗೆಮನೆಯಲ್ಲಿ ಶೇಂಗಾ ಎಲ್ಲಿದೆ ಎಂದು ಕೇಳುವುದು ದಡ್ಡತನ. ಎಲ್ಲಿ ಇಲ್ಲ ಎಂದು ಕೇಳಬೇಕು. ಎಣ್ಣೆಗಾಯಿ ಬದನೆಯ ಹೊಟ್ಟೆಯಲ್ಲಿ ಅದು ತುಂಬಿಕೊಂಡಿರುತ್ತದೆ, ಕಾಳುಪಲ್ಯದಲ್ಲಿ ಪುಡಿಯಾಗಿ ಬೆರೆತಿರುತ್ತದೆ, ಒಗ್ಗರಣೆ ಅವಲಕ್ಕಿಯಲ್ಲಿ ಹಲ್ಲಿಗೆ ಸಿಗುತ್ತದೆ, ರೊಟ್ಟಿಯ ಪಕ್ಕದಲ್ಲಂತೂ ಚಟ್ನಿಯಾಗಿ ಕೂತೇ ಇರುತ್ತದೆ. ನಮ್ಮ ಅತ್ತೆಯನ್ನು ಧಾರವಾಡದ ಕೆಲಗೇರಿಯ ನಮ್ಮ ಓಣಿಯ ಮಕ್ಕಳು ಚಟ್ನಿ ಅಜ್ಜಿ ಎಂದೇ ಕರೆಯುತ್ತಿದ್ದರು. ಆ ಚಟ್ನಿ ಅಂದರೆ ಕುಟ್ಟಿದ ಒಣ ಶೇಂಗಾ ಚಟ್ನಿ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಸಾರು ಚೆನ್ನಾಗಿ ಮಾಡಿ ಹೆಸರು ತೆಗೆದುಕೊಳ್ಳಬೇಕು ಅಂತ ಒದ್ದಾಡಿದ್ದೇ ಬಂತು, ಊಟಕ್ಕೆ ಬಂದವರೆಲ್ಲ ಚಟ್ನಿಯ ಡಬ್ಬಿಯನ್ನೇ ತಮ್ಮ ಹತ್ತಿರ ಎಳೆದುಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು. ನಾನೂ ಅದನ್ನೇ ಎಳೆದುಕೊಳ್ಳುತ್ತಿದ್ದೆ, ಆ ಮಾತು ಬೇರೆ.

ಚಟ್ನಿ ಆಗುತ್ತಿದ್ದದ್ದು ಕಲ್ಲಿನ ಒಳ್ಳಿನಲ್ಲಿ. ಪುಸ್ತಕದಲ್ಲಿ ಒರಳು ಎಂದು ಬರೆಯುತ್ತಾರೆ, ನಮಗೆ ಅದು ಒಳ್ಳು. ಅತ್ತೆ ಗರಗ ಊರಿನ ಮಗಳು. ಮದುವೆಯಲ್ಲಿ ತವರಿನ ಪಾತ್ರೆಗಳ ಜೊತೆ ಆ ಕಲ್ಲೂ ಬಂದಿತ್ತು. ಅದಕ್ಕೊಂದು ಕಟ್ಟುನಿಟ್ಟು ಇತ್ತು, ನೀರು ತಾಗಿಸಬಾರದು. ಹಸಿ ಉಳಿದರೆ ಮುಂದಿನ ಸಲದ ಚಟ್ನಿಗೆ ಬೂಷ್ಟು ಬರುತ್ತದೆ ಎಂದು ಅವರ ತಾಯಿ ಕಲಿಸಿದ್ದರಂತೆ. ಕುಟ್ಟಿ ಮುಗಿದ ಮೇಲೆ ಒಳ್ಳಿಗೆ ಒಂದು ಹಿಡಿ ಬಿಸಿ ಅನ್ನ ಹಾಕಿ, ತಳಕ್ಕೆ ಅಂಟಿದ್ದನ್ನೆಲ್ಲ ಅನ್ನಕ್ಕೆ ಹತ್ತಿಸಿ, ತುತ್ತು ಮಾಡಿ ಎಲ್ಲರ ಕೈಗೆ ಹಾಕುತ್ತಿದ್ದರು. ಆಮೇಲೆ ಒಣ ಅರಿವೆಯಿಂದ ಒರೆಸಿ, ಮೇಲೊಂದು ತಟ್ಟೆ ಮುಚ್ಚಿಬಿಟ್ಟರೆ ಆಯಿತು. ಆ ತುತ್ತಿಗಾಗಿ ನಾನೂ ನನ್ನ ಮಗಳೂ ಒಬ್ಬರನ್ನೊಬ್ಬರು ತಳ್ಳಾಡಿದ್ದೇವೆ.

ಮಗ ಹುಟ್ಟಿ ಒಂದೂವರೆ ವರ್ಷವಾಗಿತ್ತು. ಅವನಿಗೆ ಅಲ್ಲಿಯವರೆಗೆ ಮೆತ್ತನ್ನ, ಹಾಲು, ಹಣ್ಣು ಇಷ್ಟೇ. ಒಂದು ಹಬ್ಬದ ಮಧ್ಯಾಹ್ನ ಶೇಂಗಾ ಹೋಳಿಗೆಯ ಸಣ್ಣ ಚೂರೊಂದನ್ನು ಬಾಯಿಗಿಟ್ಟೆ. ಚಪ್ಪರಿಸಿದ. ನಾನು ಇನ್ನೊಂದು ಚೂರು ಮುರಿಯುವಷ್ಟರಲ್ಲಿ ಅವನ ತುಟಿ ದಪ್ಪಗಾಯಿತು, ಕಣ್ಣು ಊದಿತು, ಮೈಮೇಲೆ ದದ್ದು ಎದ್ದವು, ಉಸಿರಾಟದಲ್ಲಿ ಸೀಟಿಯಂಥ ಸದ್ದು ಬಂತು. ಅತ್ತೆ ಕೂಸನ್ನು ಎತ್ತಿಕೊಂಡು ಬರಿಗಾಲಲ್ಲೇ ಗೇಟು ದಾಟಿ ಓಡಿದರು, ಬರುತ್ತಿದ್ದ ಆಟೋಗೆ ಅಡ್ಡ ನಿಂತರು. ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಅವನ ಉಸಿರು ಹದಕ್ಕೆ ಬಂತು.

"ಶೇಂಗಾ ಈ ಕೂಸಿನ ಮೈಗೆ ಒಗ್ಗಂಗಿಲ್ರಿ," ಎಂದರು ಡಾಕ್ಟರು. "ಕಾಳು ಅಷ್ಟ ಅಲ್ಲ, ಪುಡಿ, ಗಾಣದ ಎಣ್ಣಿ, ಯಾವುದೂ ನಡಿಯಂಗಿಲ್ಲ. ಒಂದು ಚೂರೂ ಬ್ಯಾಡ. ಮುಂದಿನ ಸಲ ಇದಕ್ಕಿಂತ ಜೋರ ಆಗಬಹುದು." ಆಮೇಲೆ ಪರೀಕ್ಷೆ ಮಾಡಿಸಿ, ಅಗಸೆ, ಎಳ್ಳು, ಗುರೆಳ್ಳು ತೊಂದರೆಯಿಲ್ಲ ಎಂದರು. ಮನೆಯಲ್ಲಿಟ್ಟುಕೊಳ್ಳಲು ಔಷಧಿ ಬರೆದುಕೊಟ್ಟರು.

ಸುದ್ದಿ ಕೇಳಿ ಎದುರುಮನೆಯ ಕಾಕು ಬಂದರು. ಅತ್ತೆಗಿಂತ ನಾಲ್ಕೈದು ವರ್ಷ ಸಣ್ಣವರು, ಅತ್ತೆಯ ಜೀವದ ಗೆಳತಿ. ಕೂಸಿನ ಕೆನ್ನೆ ಸವರಿ, "ಧಾರವಾಡದಾಗ ಹುಟ್ಟಿ ಶೇಂಗಾ ಒಲ್ಲೆ ಅಂದ್ರ ಹ್ಯಾಂಗಪಾ," ಎಂದರು. ಎಲ್ಲರೂ ನಕ್ಕೆವು. ಆದರೆ ನನ್ನ ಭಯ ಹೋಗಲಿಲ್ಲ. ಇವನು ಬೆಳೆಯುತ್ತಾನೆ, ನಡೆಯುತ್ತಾನೆ, ಓಣಿಗೆ ಹೋಗುತ್ತಾನೆ. ಮನೆಮನೆಯಲ್ಲೂ ಶೇಂಗಾ ಇರುವ ಊರಿನಲ್ಲಿ, ನಾವು ಪಕ್ಕದಲ್ಲಿಲ್ಲದ ಹೊತ್ತಿನಲ್ಲಿ ಇವನ ಕೈಗೆ ಯಾರಾದರೂ ಪ್ರೀತಿಯಿಂದಲೇ ಒಂದು ಉಂಡಿ ಇಟ್ಟರೆ ಏನು ಗತಿ?

ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅಡುಗೆಮನೆ ಸರಿಮಾಡಲು ಹೊರಟೆ. ಆ ವಿಡಿಯೋಗಳಲ್ಲಿ ಎಲ್ಲರ ಮನೆಯೂ ಒಂದೇ ಬಣ್ಣ, ಒಂದೇ ಅಳತೆಯ ಡಬ್ಬಿಗಳು, ಮಕ್ಕಳು ಮಾತ್ರ ಎಲ್ಲೂ ಕಾಣುವುದಿಲ್ಲ. ನಾನೂ ಒಳಗಿರುವುದು ಕಾಣುವ ಪ್ಲಾಸ್ಟಿಕ್ ಡಬ್ಬಿಗಳನ್ನು ರಾಶಿಗಟ್ಟಲೆ ತಂದೆ. ಹೆಸರು ಬರೆದು ಅಂಟಿಸಿದೆ. ಶೇಂಗಾ ಮತ್ತು ಶೇಂಗಾದ ಸಂಬಂಧಿಕರನ್ನೆಲ್ಲ ಮೇಲಿನ ಅಟ್ಟಕ್ಕೆ ಏರಿಸಿದೆ. ಕೆಳಗಿನ ಹಲಗೆಗಳನ್ನು ಖಾಲಿ ಮಾಡಿದೆ, ಯಾಕೆಂದರೆ ಮಗನಿಗೆ ಆಗ ಕೈಗೆ ಸಿಕ್ಕ ಡಬ್ಬಿಯನ್ನೆಲ್ಲ ತೆಗೆದು ಬಾಯಿಗೆ ಸುರುವಿಕೊಳ್ಳುವ ವಯಸ್ಸು. ಅಡುಗೆಮನೆಯ ಬಾಗಿಲಿಗೆ ಅಡ್ಡ ಹಲಗೆ ಇಟ್ಟೆ. ದಿನವಿಡೀ ನನ್ನ ಬಾಯಲ್ಲಿ ಒಂದೇ ಮಂತ್ರ, ಮುಟ್ಟಬ್ಯಾಡ, ಮುಟ್ಟಬ್ಯಾಡ, ಮುಟ್ಟಬ್ಯಾಡ.

ಒಂದು ದಿನ ಮಗ ಬಾಳೆಹಣ್ಣಿನ ಬುಟ್ಟಿಗೆ ಕೈ ಚಾಚಿ, ನನ್ನ ಮುಖ ನೋಡಿ, ಸುಟ್ಟವನಂತೆ ಕೈ ಹಿಂದೆಗೆದುಕೊಂಡ. ಅದು ಅತ್ತೆಯ ಕಣ್ಣಿಗೆ ಬಿತ್ತು. "ಕೂಸು ತಿನ್ನಾಕ ಅಂಜಾಕತ್ತೈತಲ್ಲವಾ," ಎಂದಷ್ಟೇ ಅಂದು ಹಣ್ಣು ಸುಲಿದು ಕೊಟ್ಟರು.

ಇಷ್ಟೆಲ್ಲ ಕಾವಲಿದ್ದೂ ಎರಡನೆಯ ಸಲ ಆಯಿತು. ರೊಟ್ಟಿ, ಮೊಸರು, ಮೇಲೆ ಒಂದಿಷ್ಟು ಅಗಸೆ ಚಟ್ನಿ ಕೊಟ್ಟಿದ್ದೆ, ಅಷ್ಟೇ. ತುಟಿ ಊದಿತು, ದದ್ದು ಎದ್ದವು. ಔಷಧಿ ಹಾಕಿ ದವಾಖಾನೆಗೆ ಓಡಿದೆವು. ಈ ಸಲ ಬೇಗ ಇಳಿಯಿತು, ಆದರೆ ಮನೆಗೆ ಬಂದ ಮೇಲೆ ನನ್ನ ತಲೆ ಕೆಟ್ಟು ಹೋಯಿತು. ಶೇಂಗಾ ಅಟ್ಟದ ಮೇಲಿದೆ, ಕೂಸು ಕೆಳಗಿದೆ, ಹಾಗಿದ್ದರೆ ಯಾರೋ ಕೊಟ್ಟಿರಲೇಬೇಕು. "ಖರೇ ಹೇಳ್ರಿ, ಯಾರ ಕೊಟ್ರಿ?" ಎಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದೆ. ಒಂದನೇ ಇಯತ್ತೆಯಲ್ಲಿ ಓದುತ್ತಿದ್ದ ಮಗಳು, "ಅವ್ವಾ, ನಾ ಕೊಟ್ಟಿಲ್ಲವಾ," ಎಂದು ಬಿಕ್ಕಿದಳು. ನಮ್ಮವರು ಅವಳ ಕಣ್ಣು ಒರೆಸಿದರು. ಅತ್ತೆ ಮೊಮ್ಮಗಳನ್ನು ಸೆರಗಿನೊಳಗೆ ಎಳೆದುಕೊಂಡರು.

ಮರುದಿನ ಬೆಳಿಗ್ಗೆ ಅವರು ಅಡುಗೆಮನೆಯ ನಡುವೆ ಮಣೆ ಹಾಕಿಕೊಂಡು ಕೂತು ನನ್ನನ್ನು ಕರೆದರು. "ನೀ ಒಂದು ಕೆಲಸ ಮಾಡವಾ. ನಿನ್ನೆ ಕೂಸಿಗೆ ಹ್ಯಾಂಗ ಕೊಟ್ಟಿ, ಯಾವ ಡಬ್ಬಿ ತಗದಿ, ಯಾವ ಚಮಚ ಹಾಕಿದಿ, ಎಲ್ಲಾ ಹಂಗ ಮಾಡಿ ತೋರಸು."

ನಾನು ಗಂಟುಮೋರೆ ಹಾಕಿಕೊಂಡೇ ತೋರಿಸಿದೆ. ರೊಟ್ಟಿಯನ್ನು ಮೂಸಿದರು, ಬಿಟ್ಟರು. ಮೊಸರು ನೋಡಿದರು, ಬಿಟ್ಟರು. ಅಗಸೆ ಚಟ್ನಿಯನ್ನು ಬೆರಳಲ್ಲಿ ತಿಕ್ಕಿ ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಎದ್ದು ಮೂಲೆಯ ಒಳ್ಳಿನ ತಟ್ಟೆ ಸರಿಸಿ, ಒಳಗೆ ಕೈಯಿಟ್ಟು ತಳವನ್ನು ಸವರಿ, ಅಂಗೈಯನ್ನು ಮೂಗಿಗೆ ಹಿಡಿದರು.

"ಇದರಾಗ ಐತಿ," ಎಂದರು. "ಶೇಂಗಾ ಕುಟ್ಟಿದ್ದರಾಗ ಅಗಸಿ ಕುಟ್ಟೇನಿ. ನೀರು ಮುಟ್ಟಿಸಿಲ್ಲ, ಒರಸೇನಿ ಅಷ್ಟ. ಕೊಟ್ಟಾಕಿ ನಾನ ಅದೇನವಾ."

ನಾನು ಅವರ ಜಾಗದಲ್ಲಿದ್ದರೆ ಕಲ್ಲನ್ನು ಬೈಯುತ್ತಿದ್ದೆ, ಕಲಿಸಿದ ತಾಯಿಯನ್ನು ಬೈಯುತ್ತಿದ್ದೆ, ಕೊನೆಗೆ ಹಣೆ ಬಡಿದುಕೊಂಡು ಅತ್ತು ಎಲ್ಲರಿಂದ ಸಮಾಧಾನ ಮಾಡಿಸಿಕೊಳ್ಳುತ್ತಿದ್ದೆ. ಅವರು ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು. ಹೇಳಿ, ಮೊದಲು ಮೊಮ್ಮಗಳನ್ನು ಕರೆದು, "ನಿಂದೇನೂ ತಪ್ಪಿಲ್ಲ ನನ್ನವ್ವಾ, ನಂದ ತಪ್ಪು," ಎಂದು ಅವಳ ತಲೆ ನೇವರಿಸಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇವತ್ತ ಅಡಗಿ ಬ್ಯಾಡ. ಎಲ್ಲಾ ಹೊರಗ ತಗೀರಿ," ಎಂದರು. ಆ ಹೆಂಗಸಿನ ಮೇಲೆ ನನಗೆ ಆ ಗಳಿಗೆಯಲ್ಲಿ ಹುಟ್ಟಿದ ಗೌರವ ಇವತ್ತಿನವರೆಗೆ ಒಂದು ಗುಂಜಿಯಷ್ಟೂ ಇಳಿದಿಲ್ಲ.

ಮುಂಬಾಗಿಲ ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ಅಂಗಳದ ತುಂಬ ಡಬ್ಬಿಗಳು ಬಂದು ಕೂತವು. ಮಕ್ಕಳಿಗೆ ಅದು ಜಾತ್ರೆಗಿಂತ ಹೆಚ್ಚಿನ ಮಜಾ. ಮಗಳು ಮುಚ್ಚಳಗಳನ್ನು ತಾಳದಂತೆ ಬಡಿದಳು. ಮಗನನ್ನು ನಮ್ಮವರು ಹೆಗಲ ಮೇಲೆ ಕೂರಿಸಿಕೊಂಡು ದೂರದಿಂದಲೇ ತೋರಿಸಿದರು. ಒಳಗಿನಿಂದ ಏನೇನು ಬಂತೋ ಹೇಳಲಾರೆ. ಯಾವಾಗಲೋ ತಂದು ಮರೆತ ಶ್ಯಾವಿಗೆ, ಹುಳ ಹಿಡಿದ ರವೆ, ಕಲ್ಲಾದ ಬೆಲ್ಲ, ಯಾರ ಮದುವೆಯದೋ ಬುಂದೆ. ಅದಕ್ಕಿಂತ ದೊಡ್ಡ ಸಂಗತಿ ಅಂದರೆ, ಅರ್ಧಕ್ಕರ್ಧ ಡಬ್ಬಿಗಳು ನಮ್ಮವೇ ಅಲ್ಲ. ನಮ್ಮ ಓಣಿಯಲ್ಲಿ ಬಂದ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿಯಿಲ್ಲ. ಕಾಕು ಕೊಬ್ಬರಿ ವಡಿ ಕಳಿಸಿದರೆ ಅದೇ ಡಬ್ಬಿಯಲ್ಲಿ ನಮ್ಮ ಚಟ್ನಿ ಹೋಗಬೇಕು, ಚಟ್ನಿ ಹೋದ ಡಬ್ಬಿಯಲ್ಲಿ ಇನ್ನೊಂದು ಮನೆಯ ಚಕ್ಕುಲಿ ಬರಬೇಕು. ಹೀಗೆ ಶೇಂಗಾದ ಪುಡಿ ಡಬ್ಬಿಯ ಸಂದಿಯಲ್ಲಿ ಕೂತು ಓಣಿಯೆಲ್ಲ ತಿರುಗಿ ಮತ್ತೆ ನಮ್ಮ ಮನೆಗೇ ಬರುತ್ತಿತ್ತು. ನಾನು ಅಂಟಿಸಿದ ಹೆಸರುಗಳಿಗೆ ಇದೆಲ್ಲ ಹ್ಯಾಗೆ ಗೊತ್ತಾಗಬೇಕು?

ಅತ್ತೆ ಪ್ರತಿಯೊಂದನ್ನೂ ಬಿಸಿನೀರು ಸೋಪಿನಲ್ಲಿ ತಿಕ್ಕಿಸಿ ಬಿಸಿಲಿಗಿಟ್ಟರು. ಓಣಿಯವರ ಡಬ್ಬಿಗಳನ್ನು ಬೇರೆ ಮಾಡಿ, ಒಂದೊಂದರಲ್ಲೂ ಒಂದೊಂದು ಚಮಚ ಸಕ್ಕರೆ ಹಾಕಿ, ತಾವೇ ಮನೆಮನೆಗೆ ಹೋಗಿ ಮುಟ್ಟಿಸಿದರು. "ಇನ್ನ ಮ್ಯಾಲ ನಮ್ಮ ಮನಿಗೆ ಏನೂ ಕಳಸಬ್ಯಾಡ್ರಿ. ಸಿಟ್ಟಾಗಬ್ಯಾಡ್ರಿ, ಕೂಸಿನ ಸಲುವಾಗಿ," ಎಂದು ಎಲ್ಲ ಬಾಗಿಲಲ್ಲೂ ಹೇಳಿಬಂದರು. ಕೊಡುವುದು ತೆಗೆದುಕೊಳ್ಳುವುದರಲ್ಲೇ ಇಡೀ ಬಾಳು ಕಳೆದವರಿಗೆ ಆ ಮಾತು ಹೇಳಲು ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಗೊತ್ತು. ಬರುವಾಗ ಮುಖ ಬಾಡಿತ್ತು.

ಉಳಿದದ್ದು ಒಳ್ಳು. ನಮ್ಮವರು ಸೋಪು ಹಚ್ಚಿ, ಬ್ರಶ್ಶಿನಿಂದ ಬೆವರು ಇಳಿಯುವ ತನಕ ತಿಕ್ಕಿದರು. ಅತ್ತೆ ಬಗ್ಗಿ ಮೂಸಿ ತಲೆಯಾಡಿಸಿದರು. "ಕಲ್ಲು ಇಷ್ಟು ವರ್ಷ ಎಣ್ಣಿ ಕುಡದೈತಿ. ಅದು ಬಿಡಂಗಿಲ್ಲ. ಎತ್ರಿ."

ನಮ್ಮವರೂ ಕಾಕುವಿನ ಮಗನೂ ಸೇರಿ ಅದನ್ನು ಉರುಳಿಸಿಕೊಂಡು ರಸ್ತೆ ದಾಟಿಸಿದರು. ಕಾಕು ಬಾಗಿಲಲ್ಲೇ ನಿಂತು, "ತವರಮನಿ ಕಲ್ಲು ಯಾರರ ಕೊಡತಾರೇನ್ರಿ ಅಕ್ಕಾರ," ಎಂದು ಕಣ್ಣಲ್ಲಿ ನೀರು ತಂದುಕೊಂಡರು.

"ಕೊಡಾಕತ್ತಿಲ್ಲವಾ, ಇಡಾಕತ್ತೇನಿ," ಎಂದರು ಅತ್ತೆ. "ವಾರಕ್ಕೊಮ್ಮಿ ಬಂದು ಕುಟ್ಟತೇನಿ. ನಮ್ಮ ಮನ್ಯಾಗ ಇಲ್ಲಂತ ಓಣ್ಯಾಗ ಚಟ್ನಿ ತಪ್ಪಬಾರದು. ನಿನ್ನ ಅಂಗಳ ಹೊಲಸ ಆಗತೈತಿ, ನೀನ ಉಡಗಬೇಕು ನೋಡ ಮತ್ತ."

ಅಟ್ಟದ ಮೇಲಿನ ಶೇಂಗಾ ಚೀಲ, ಗಾಣದ ಎಣ್ಣೆಯ ಡಬ್ಬ ಎಲ್ಲ ಅವತ್ತೇ ಹೊರಗೆ ಹೋದವು. ಮನೆಗೆ ಕುಸುಬಿ ಎಣ್ಣೆ ಬಂತು, ಮಿಕ್ಸರಿಗೆ ಹೊಸ ಜಾರು ಬಂತು. ಮಿಕ್ಸರಿನಲ್ಲಿ ಮಾಡಿದ ಅಗಸೆ ಚಟ್ನಿಯನ್ನು ಅತ್ತೆ ನಾಲಿಗೆಗಿಟ್ಟು, "ಬೂದಿ ಆಗೈತಿ," ಎಂದು ಮೂಗು ಮುರಿದರು. ಮುರಿದು, ಎರಡು ರೊಟ್ಟಿ ಅದರಲ್ಲೇ ಉಂಡರು.

ನಮ್ಮವರು ತಾರಿಹಾಳದ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿಯೇ ಒಂದು ಕಬ್ಬಿಣದ ರ‍್ಯಾಕು ಮಾಡಿಸಿ ತಂದರು. ನಾನು ಮತ್ತೆ ಎಲ್ಲವನ್ನೂ ಮೇಲಕ್ಕೆ ಜೋಡಿಸಲು ಹೊರಟಾಗ ಅತ್ತೆ ನನ್ನ ಕೈ ಹಿಡಿದರು. ಮಗನನ್ನು ಕರೆದು ರ‍್ಯಾಕಿನ ಮುಂದೆ ನಿಲ್ಲಿಸಿ, "ಕೈ ಮ್ಯಾಲ ಮಾಡ ನನ್ನಪ್ಪಾ," ಎಂದರು. ಅವನು ತುದಿಗಾಲಲ್ಲಿ ನಿಂತು ಕೈ ಚಾಚಿದ. ಬೆರಳು ಮುಟ್ಟಿದ ಜಾಗಕ್ಕೆ ಅರಿಷಿಣದ ಬೊಟ್ಟು ಇಟ್ಟರು.

"ಇಲ್ಲಿಂದ ಕೆಳಗ ಎಲ್ಲಾ ಅವಂದ," ಎಂದರು. "ಅವನ ಕೈಗೆ ಸಿಗೂದರಾಗ ಅಂಜಿಕಿ ಇರಬಾರದು. ಮುಟ್ಟಬ್ಯಾಡ ಅನ್ನೂದು ಬಿಡು, ಮುಟ್ಟೂವಂಥಾದ್ದ ಇಡು."

ಕೆಳಗಿನ ಹಲಗೆಗಳಿಗೆ ನನ್ನ ಪ್ಲಾಸ್ಟಿಕ್ ಡಬ್ಬಿಗಳೇ ಬಂದವು. ನಾನು ಅವನ್ನು ಎಸೆಯಬೇಕೆಂದಿದ್ದೆ. "ಯಾಕ? ಕೂಸಿಗೆ ಓದಾಕ ಬರಂಗಿಲ್ಲ, ಕಾಣತೈತಲ್ಲ," ಎಂದು ಅತ್ತೆ ನನ್ನ ಮಾನ ಉಳಿಸಿದರು. ಪುಟಾಣಿ ಎನ್ನುವ ಹುರಿಗಡಲೆ, ಚುರುಮುರಿ, ಒಣ ಖರ್ಜೂರದ ಖಾರೀಕು, ಎಳ್ಳುಂಡಿ, ಬೆಲ್ಲದ ಸಣ್ಣ ಹೆಂಟೆಗಳು ಕೆಳಗೆ. ಬೇಳೆ, ಹಿಟ್ಟು, ಖಾರದಪುಡಿ ಮೇಲೆ. ಗರಗದಲ್ಲಿ ನೇಯ್ದ ಹಳೆಯ ಖಾದಿ ಧೋತರವೊಂದನ್ನು ಹರಿದು ಪಟ್ಟಿ ಮಾಡಿ, ಕೆಳಗಿನ ಪ್ರತಿ ಡಬ್ಬಿಯ ಕೊರಳಿಗೂ ಕಟ್ಟಿದರು. ಮಗನ ಗಲ್ಲ ಹಿಡಿದು, "ಬಿಳೆ ಅರಿವಿ ಕಟ್ಟಿದ್ದೆಲ್ಲಾ ನಿಂದು. ಅರಿವಿ ಇಲ್ಲದ್ದು ನಿಂದಲ್ಲ," ಎಂದು ಹೇಳಿದರು. ಇದನ್ನು ಅವರು ಎಷ್ಟು ಸಲ ಹೇಳಿದರೋ, ಹಾಡಿನಂತೆ ಹೇಳುತ್ತಲೇ ಇದ್ದರು. ಹೊರಗೆ ಎಲ್ಲಿಗೆ ಹೋದರೂ ಅರಿವೆ ಕಟ್ಟಿದ ಸಣ್ಣ ಡಬ್ಬಿಯೊಂದು ಅವನ ಜೊತೆ ಹೋಗುತ್ತಿತ್ತು.

ಮೊದಲ ದಿನ ಮಗ ಪುಟಾಣಿಯ ಡಬ್ಬಿಯತ್ತ ಕೈ ಚಾಚಿದ. ಚಾಚಿ, ರೂಢಿಯಂತೆ ನನ್ನ ಮುಖ ನೋಡಿದ. ನನ್ನ ಬಾಯಿಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. "ತಗೋ," ಎಂದರು ಅತ್ತೆ. ಅವನು ಮುಚ್ಚಳ ತೆಗೆದ, ಒಂದು ಹಿಡಿ ತಿಂದ, ಉಳಿದದ್ದನ್ನು ನೆಲದ ತುಂಬ ಚೆಲ್ಲಿ ಅದರ ಮೇಲೆ ಕೂತ. ಬೇರೆ ದಿನವಾಗಿದ್ದರೆ ನಾನು ಮನೆ ಹಾರಿಹೋಗುವಂತೆ ಕೂಗುತ್ತಿದ್ದೆ. ಅವತ್ತು ಪಕ್ಕದಲ್ಲಿ ಕೂತು ಒಂದೊಂದೇ ಪುಟಾಣಿ ಆರಿಸಿದೆ.

ಅಂದಿನಿಂದ ವಾರಕ್ಕೊಮ್ಮೆ ಅತ್ತೆ ಎದುರುಮನೆಗೆ ಹೋಗಿ ಕುಟ್ಟುತ್ತಾರೆ. ಅದಕ್ಕೆಂದೇ ಒಂದು ಹಳೆಯ ಸೀರೆ ಅಲ್ಲಿಯೇ ಇಟ್ಟಿದ್ದಾರೆ. ಶೇಂಗಾ ಎಂದರೆ ಜೀವ ಬಿಡುವವರು, ಈಗ ತಿನ್ನುವುದು ಅಲ್ಲಿ ಮಾತ್ರ, ಒಳ್ಳಿನ ಆ ಒಂದು ತುತ್ತು ಅನ್ನ. ಸೀರೆ ಬದಲಿಸಿಕೊಂಡು ಬಂದವರು ಸೀದಾ ಒಳಗೆ ಬರುವುದಿಲ್ಲ. ನಮ್ಮ ಗೇಟಿನ ಪಕ್ಕದ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಬಾಯಿ ಮುಕ್ಕಳಿಸುತ್ತಾರೆ. ಅಜ್ಜಿ ಕಂಡ ಕೂಡಲೇ ಮಗ ಓಡುತ್ತಿದ್ದ. ಅವರು ಎರಡೂ ಅಂಗೈ ಮುಂದೆ ಹಿಡಿದು, "ತಡಿ, ಕೈ ತೊಳಕೊಂಡ ಒಳಗ ಬರ್ತೇನಿ," ಎನ್ನುತ್ತಿದ್ದರು. ಅವನು ಮೆಟ್ಟಿಲ ಮೇಲೆ ಕುಕ್ಕರಿಸಿ, ಅವರು ತೊಳೆಯುವುದನ್ನು ನೋಡುತ್ತ ಕಾಯುತ್ತಿದ್ದ. ಮಳೆ ಬಂದರೂ, ಮೈಯಲ್ಲಿ ಜ್ವರ ಇದ್ದರೂ ಅವರು ಇದನ್ನು ತಪ್ಪಿಸಿದ್ದು ನಾನು ಕಂಡಿಲ್ಲ.

ಮನೆಯೊಳಗೆ ನನ್ನ ಭಯ ಇಳಿಯಿತು. ಓಣಿಯದು ಇಳಿಯಲಿಲ್ಲ. ಅದರಲ್ಲೂ ಪಂಚಮಿ ಹತ್ತಿರ ಬಂದರೆ ಅದು ದುಪ್ಪಟ್ಟಾಗುತ್ತಿತ್ತು. ನಮ್ಮ ಕಡೆ ನಾಗರ ಪಂಚಮಿ ಅಂದರೆ ಉಂಡಿಗಳ ಹಬ್ಬ, ಜೋಕಾಲಿಯ ಹಬ್ಬ. ಯಾವ ಮನೆಗೆ ಹೋದರೂ ತಟ್ಟೆಯ ತುಂಬ ಉಂಡಿ, ಯಾವ ತಟ್ಟೆಯಲ್ಲೂ ಶೇಂಗಾ ಉಂಡಿ ಇದ್ದೇ ಇರುತ್ತದೆ.

ಕಳೆದ ಪಂಚಮಿಗೆ ಮಗನಿಗೆ ನಾಲ್ಕು ತುಂಬಲು ಬಂದಿತ್ತು. ಕಾಕುವಿನ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅವನನ್ನು ಕಳಿಸುವುದಿಲ್ಲ ಎಂದು ನಾನು ಹಟ ಹಿಡಿದೆ. "ಎಷ್ಟ ದಿನಾ ಕಟ್ಟಿ ಹಾಕತೀಯವಾ," ಎಂದು ಅತ್ತೆ ಅವನನ್ನು ಅವನಕ್ಕನ ಜೊತೆ ಕಳಿಸಿದರು. ಕಾಕುವಿಗೆ ಎಲ್ಲ ಗೊತ್ತಿತ್ತು. ಆದರೆ ಹಬ್ಬಕ್ಕೆಂದು ಅವರ ಮನೆಗೆ ಬಂದಿದ್ದ ನೆಂಟರೊಬ್ಬರಿಗೆ ಏನು ಗೊತ್ತು? ಜೋಕಾಲಿಯ ಸರದಿ ಕಾಯುತ್ತ ನಿಂತ ಮುದ್ದು ಹುಡುಗನ ಕೈಗೆ ಉಂಡಿ ಇಟ್ಟಿದ್ದಾರೆ. ಅವನಕ್ಕ ಆಗ ಜೋಕಾಲಿಯ ಮೇಲಿದ್ದಳು.

ನಾನು ಕಿಟಕಿಯಲ್ಲಿ ನೋಡಿದೆ. ಮಗ ಒಬ್ಬನೇ ರಸ್ತೆ ದಾಟಿ ಬರುತ್ತಿದ್ದ. ಬಲಗೈಯನ್ನು ಮೈಯಿಂದ ದೂರಕ್ಕೆ ಚಾಚಿದ್ದ, ಮುಷ್ಟಿ ಬಿಗಿದಿತ್ತು. ನನ್ನ ಕೈಯಲ್ಲಿದ್ದ ಸೌಟು ಎಲ್ಲಿ ಬಿತ್ತೋ, ಓಡಿದೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವನು ಗೇಟಿನ ಒಳಗೆ ಬಂದು ನಿಂತುಬಿಟ್ಟಿದ್ದ. ಮನೆಯತ್ತ ಬರಲಿಲ್ಲ, ನಲ್ಲಿಯ ಹತ್ತಿರ ನಿಂತಿದ್ದ. ನಲ್ಲಿ ತಿರುಗಿಸುವ ಬಲ ಅವನ ಎಡಗೈಗೆ ಇರಲಿಲ್ಲ.

"ಅಜ್ಜೀ, ನೀರ ಬಿಡ," ಎಂದು ಕೂಗಿದ.

ಅತ್ತೆ ಬಂದರು. ಅವನು ಮುಷ್ಟಿ ಬಿಚ್ಚಿದ. ಶೇಂಗಾ ಉಂಡಿ, ಬಿಗಿ ಹಿಡಿದದ್ದಕ್ಕೆ ಬಿರುಕು ಬಿಟ್ಟಿತ್ತು, ಎಲ್ಲೂ ಹಲ್ಲಿನ ಗುರುತಿರಲಿಲ್ಲ. "ತಿಂದ್ಯೇನ ನನ್ನಪ್ಪಾ?" ಎಂದರು ಅತ್ತೆ. ಅವರ ದನಿ ನಡುಗುವುದನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು.

"ಬಿಳೆ ಅರಿವಿ ಇರ್ಲಿಲ್ಲ," ಎಂದ.

ಅತ್ತೆ ಉಂಡಿ ತೆಗೆದು ಗೋಡೆಯ ಮೇಲಿಟ್ಟು ನಲ್ಲಿ ತಿರುಗಿಸಿದರು. ಅವನು ಸೋಪು ತೆಗೆದುಕೊಂಡು ಮೊಣಕೈವರೆಗೆ ಹಚ್ಚಿಕೊಂಡ, ಅವರ ಹಾಗೆಯೇ. ತಿನ್ನದಿದ್ದರೂ ಬಾಯಿ ಮುಕ್ಕಳಿಸಿ ಉಗುಳಿದ, ಅವರ ಹಾಗೆಯೇ. ಇದನ್ನು ಅವನಿಗೆ ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆ ನೀರಿಗೆ ಕೈಯೊಡ್ಡಿ ತಮ್ಮ ಬೆರಳುಗಳನ್ನು ತೊಳೆದುಕೊಳ್ಳುತ್ತಿದ್ದರು, ಕಣ್ಣೀರು ಹರಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಮೆಟ್ಟಿಲಿಳಿದು ಅವನನ್ನು ಬಾಚಿಕೊಳ್ಳಲು ಓಡಿದೆ.

ಅವನು ನೊರೆ ಹತ್ತಿದ ಎರಡೂ ಅಂಗೈ ಮುಂದೆ ಹಿಡಿದು ನನ್ನನ್ನು ನಿಲ್ಲಿಸಿದ. "ತಡಿ ಅವ್ವಾ. ಕೈ ತೊಳಕೊಂಡ ಒಳಗ ಬರ್ತೇನಿ," ಎಂದ.

ನಾನು ಮೆಟ್ಟಿಲ ಮೇಲೆ ಕೂತು ಕಾದೆ.